ಸಿಲೆಬಸ್ಸಿನಲ್ಲಿ ಇಲ್ಲದ ಪ್ರಶ್ನೆ

ವಿದ್ಯಾರ್ಥಿಗಳ ತಲೆಯಲ್ಲಿ ಎರಡು ಬಗೆಯ ಪ್ರಶ್ನೆಗಳಿರುತ್ತವೆ. ಪರೀಕ್ಷೆಯಲ್ಲಿ ಬರಬಹುದಾದ ಪ್ರಶ್ನೆಗಳು ಒಂದು ಬಗೆ. ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ತಾವಾಗಿಯೇ ಎದ್ದು ಕೂರುವ ಪ್ರಶ್ನೆಗಳು ಇನ್ನೊಂದು ಬಗೆ. ಮೊದಲನೆಯವಕ್ಕೆ ಗೈಡುಗಳಿವೆ, ಟ್ಯೂಷನ್ ಇದೆ, ಮಾದರಿ ಉತ್ತರಗಳಿವೆ. ಎರಡನೆಯವಕ್ಕೆ ಸಾಮಾನ್ಯವಾಗಿ ಸಿಗುವುದು ಒಂದೇ ಉತ್ತರ: 'ಅದು ಸಿಲೆಬಸ್ಸಿನಲ್ಲಿ ಇಲ್ಲ.'

ಭೌತಶಾಸ್ತ್ರದ ಮಟ್ಟಿಗಂತೂ ಈ ಎರಡನೆಯ ಬಗೆಯ ಪ್ರಶ್ನೆಗಳಿಗೆ ಬರವಿಲ್ಲ. ಬೆಳಕಿಗಿಂತ ವೇಗವಾಗಿ ಏಕೆ ಓಡಲಾಗದು? ಕಾಲ ನಿಧಾನವಾಗುತ್ತದೆ ಎಂದರೆ ಗಡಿಯಾರ ಕೆಟ್ಟಿದೆ ಎಂದರ್ಥವೇ? ಎಲೆಕ್ಟ್ರಾನ್ ಅಲೆಯೋ ಕಣವೋ? ನ್ಯೂಟನ್ ಹೇಳಿದ್ದು ತಪ್ಪಾಗಿದ್ದರೆ ಅದನ್ನು ಇನ್ನೂ ಏಕೆ ಕಲಿಸುತ್ತಾರೆ? ಇಂಥವನ್ನು ಕೇಳುವ ಹುಡುಗ ಹುಡುಗಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಎರಡು ಮೂರು ಸಲ ಕೇಳಿ, ಉತ್ತರ ಸಿಗದೆ, ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ನಷ್ಟವಾಗುವುದು ಅಲ್ಲಿ.

ತಾಲ್ಲೂಕು ಕೇಂದ್ರವೊಂದರಲ್ಲಿ ಹತ್ತನೇ ತರಗತಿ ಓದುವ ಹುಡುಗಿಯೊಬ್ಬಳ ಮಾತು ಕೇಳಿ. ಅವಳ ತಂದೆ ಬಸ್ ಕಂಡಕ್ಟರ್. ಒಂದು ರಾತ್ರಿ ಅವರು ಡ್ಯೂಟಿ ಮುಗಿಸಿ ಊಟಕ್ಕೆ ಕೂತಾಗ ಮಗಳು ಕೇಳಿದಳು: "ಅಪ್ಪ, ನಿಮ್ಮ ಬಸ್ಸು ಬೆಳಕಿನಷ್ಟೇ ವೇಗವಾಗಿ ಓಡ್ತಿದೆ ಅಂತ ಇಟ್ಕೊಳ್ಳಿ. ಆಗ ಡ್ರೈವರ್ ಹೆಡ್‌ಲೈಟ್ ಹಾಕಿದ್ರೆ ಬೆಳಕು ಮುಂದಕ್ಕೆ ಹೋಗುತ್ತಾ, ಇಲ್ಲ ಲೈಟಿನ ಹತ್ರಾನೇ ನಿಂತುಬಿಡುತ್ತಾ?"

"ನಮ್ಮ ಬಸ್ಸು ಅರವತ್ತು ದಾಟಿದ್ರೇನೇ ಹೆಚ್ಚು ಕಣಮ್ಮ. ಮೊದಲು ಪರೀಕ್ಷೆ ಮುಗಿಸು, ಆಮೇಲೆ ಹೆಡ್‌ಲೈಟ್ ಹಾಕೋಣ" ಎಂದರು ತಂದೆ. ತಾಯಿ ನಕ್ಕರು. ಮಗಳೂ ನಕ್ಕಳು. ಆದರೆ ಆ ಪ್ರಶ್ನೆಯನ್ನು ರಫ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಳು.

ತಂದೆಯ ಮಾತಿನಲ್ಲಿ ತಾತ್ಸಾರವಿರಲಿಲ್ಲ, ಆತಂಕವಿತ್ತು. ಮುಂದೆ ಪಿಯುಸಿ, ಸಿಇಟಿ, ಸೀಟು, ಫೀಸು ಎಂಬ ಸಾಲು ಸಾಲು ಚಿಂತೆಗಳು. ಹೆಡ್‌ಲೈಟಿನ ಬೆಳಕು ಎಲ್ಲಿಗೆ ಹೋದರೆ ಮಗಳಿಗೆ ಎಷ್ಟು ಅಂಕ ಬಂದೀತು ಎಂದು ಅವರು ಯೋಚಿಸಿದರೆ ತಪ್ಪು ಹೇಳಲಾಗದು. ಆದರೆ ತಮ್ಮ ಮಗಳು ಕೇಳಿದ್ದು ಯಾರ ಪ್ರಶ್ನೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

1895ರಲ್ಲಿ ಜೂರಿಕ್‌ನ ಪಾಲಿಟೆಕ್ನಿಕ್ ಸಂಸ್ಥೆಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ಸ್ವಿಟ್ಜರ್ಲೆಂಡಿನ ಆರೌ ಎಂಬ ಊರಿನ ಶಾಲೆಗೆ ಸೇರಿದ ಹುಡುಗನೊಬ್ಬನಿದ್ದ. ಗಣಿತ, ಭೌತಶಾಸ್ತ್ರಗಳಲ್ಲಿ ಚೆನ್ನಾಗಿಯೇ ಮಾಡಿದ್ದ. ಉಳಿದ ವಿಷಯಗಳು ಕೈಕೊಟ್ಟಿದ್ದವು. ಅವನಿಗೆ ಆಗ ಹದಿನಾರು ವರ್ಷ. ಬೆಳಕಿನ ಕಿರಣದ ಬೆನ್ನು ಹತ್ತಿ ಅದರಷ್ಟೇ ವೇಗವಾಗಿ ಓಡಿದರೆ ಏನು ಕಾಣುತ್ತದೆ ಎಂಬುದು ಅವನನ್ನು ಕಾಡಿದ ಪ್ರಶ್ನೆ. ಅದರ ಉತ್ತರಕ್ಕೆ ಹತ್ತು ವರ್ಷ ಬೇಕಾಯಿತು. 1905ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಅದೇ ಆಲ್ಬರ್ಟ್ ಐನ್‌ಸ್ಟೈನ್ ಸಾಪೇಕ್ಷತಾ ಸಿದ್ಧಾಂತವನ್ನು ಪ್ರಕಟಿಸಿದ. ಹಾಗೆಂದು ಇಂಥ ಪ್ರಶ್ನೆ ಕೇಳಿದವರೆಲ್ಲ ಐನ್‌ಸ್ಟೈನ್ ಆಗುತ್ತಾರೆಂದಲ್ಲ. ಪ್ರಶ್ನೆ ಮಾತ್ರ ಹುಡುಗಾಟದ್ದಲ್ಲ ಎಂದಷ್ಟೇ ಹೇಳಬೇಕಾದ್ದು.

ಈಗ ಹೆಡ್‌ಲೈಟಿಗೆ ಬರೋಣ. ಕಂಡಕ್ಟರಿಗೆ ಅರ್ಧ ಉತ್ತರ ಆಗಲೇ ಗೊತ್ತು. ಸಮವೇಗದಲ್ಲಿ ಓಡುವ ಬಸ್ಸಿನಲ್ಲಿ ನಾಣ್ಯ ಚಿಮ್ಮಿದರೆ ಅದು ಹಿಂದಿನ ಸೀಟಿಗೆ ಹೋಗಿ ಬೀಳುವುದಿಲ್ಲ, ಚಿಮ್ಮಿದವನ ಕೈಗೇ ಬರುತ್ತದೆ. ಬಸ್ಸಿನೊಳಗಿನವರಿಗೆ ಬಸ್ಸು ನಿಂತಂತೆಯೇ. ಇದನ್ನು ಗೆಲಿಲಿಯೋ ನಾಲ್ಕು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದ. ಇನ್ನು ಗಂಟೆಗೆ 50 ಕಿಲೋಮೀಟರ್ ವೇಗದ ಬಸ್ಸಿನಿಂದ 20 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಚೆಂಡೆಸೆದರೆ, ರಸ್ತೆ ಬದಿಯಲ್ಲಿ ನಿಂತವನಿಗೆ ಅದರ ವೇಗ 70 ಎಂದು ಕಾಣುತ್ತದೆ. ಇದು ದಿನನಿತ್ಯದ ಲೆಕ್ಕ.

ಬೆಳಕಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. 1887ರಲ್ಲಿ ಅಮೆರಿಕದ ಮೈಕೆಲ್‌ಸನ್ ಮತ್ತು ಮೋರ್ಲೆ ಎಂಬ ವಿಜ್ಞಾನಿಗಳು ಭೂಮಿಯ ಚಲನೆಯಿಂದ ಬೆಳಕಿನ ವೇಗದಲ್ಲಿ ವ್ಯತ್ಯಾಸ ಕಾಣಬೇಕೆಂದು ಬಹು ಸೂಕ್ಷ್ಮವಾದ ಪ್ರಯೋಗ ಮಾಡಿದರು. ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 2,99,792 ಕಿಲೋಮೀಟರ್. ಯಾರು ಅಳೆದರೂ ಅಷ್ಟೇ. ಬಸ್ಸು ಬೆಳಕಿನ ವೇಗದ ಶೇಕಡಾ 99ರಷ್ಟು ವೇಗದಲ್ಲಿ ಓಡಿದರೂ ಹೆಡ್‌ಲೈಟಿನ ಬೆಳಕು ಡ್ರೈವರಿನಿಂದ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ರಸ್ತೆ ಬದಿಯವನು ಅಳೆದರೂ ಅದೇ ಸಂಖ್ಯೆ. ಬಸ್ಸಾಗಲಿ ಬೇರಾವ ವಸ್ತುವಾಗಲಿ ಪೂರ್ತಿ ಬೆಳಕಿನ ವೇಗ ಮುಟ್ಟುವುದು ಸಾಧ್ಯವಿಲ್ಲ; ಎಷ್ಟು ಶಕ್ತಿ ಸುರಿದರೂ ಸಾಲದು.

'ಇಬ್ಬರಿಗೂ ಒಂದೇ ವೇಗ ಹೇಗೆ ಸಾಧ್ಯ?' ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ದೊಡ್ಡ ಗಣಿತ ಬೇಕೆಂದು ಎಲ್ಲರೂ ತಿಳಿದಿದ್ದಾರೆ. ನಿಜವಾಗಿ ಬೇಕಾದ್ದು ಶಾಲೆಯಲ್ಲಿ ಕಲಿಯುವ ಪೈಥಾಗೊರಸ್ ಪ್ರಮೇಯ, ಅದರಲ್ಲೂ ಎಲ್ಲರಿಗೂ ಬಾಯಿಪಾಠವಾಗಿರುವ 3-4-5 ತ್ರಿಭುಜ.

ಬಸ್ಸಿನ ನೆಲದ ಮೇಲೊಂದು ಕನ್ನಡಿ, ಅದಕ್ಕೆ ನೇರವಾಗಿ ಮೇಲೆ ಚಾವಣಿಯಲ್ಲೊಂದು ಕನ್ನಡಿ ಇದೆ ಎಂದು ಊಹಿಸಿಕೊಳ್ಳಿ. ಬೆಳಕಿನ ಒಂದು ಮಿಂಚು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಇದೇ ನಮ್ಮ ಗಡಿಯಾರ. ಬಸ್ಸು ಬೆಳಕಿನ ವೇಗದ ಐದರಲ್ಲಿ ಮೂರು ಭಾಗದಷ್ಟು ವೇಗದಲ್ಲಿ ಓಡುತ್ತಿರಲಿ. ಒಳಗಿರುವವನಿಗೆ ಮಿಂಚು ನೆಟ್ಟಗೆ ಮೇಲೆ ಹೋದಂತೆ ಕಾಣುತ್ತದೆ. ರಸ್ತೆ ಬದಿಯವನಿಗೆ ಹಾಗಲ್ಲ. ಮಿಂಚು ಮೇಲೇರುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುವುದರಿಂದ ಅದು ಓರೆಯಾಗಿ ಹೋದಂತೆ ಕಾಣುತ್ತದೆ. ಅವನ ಲೆಕ್ಕದಲ್ಲಿ ಮಿಂಚು ಮೇಲೆ ಮುಟ್ಟಲು 5 ಮಾತ್ರೆ ಕಾಲ ಹಿಡಿಯಿತೆನ್ನಿ. ಆಗ ಬೆಳಕು ಸಾಗಿದ ಓರೆ ದಾರಿ 5 ಅಳತೆ, ಬಸ್ಸು ಸಾಗಿದ್ದು 3 ಅಳತೆ. ಲಂಬಕೋನ ತ್ರಿಭುಜದ ವಿಕರ್ಣ 5, ಪಾದ 3. ಹಾಗಾದರೆ ಎತ್ತರ 4. ಬಸ್ಸಿನೊಳಗಿನವನ ಲೆಕ್ಕದಲ್ಲಿ ಬೆಳಕು ಸಾಗಿದ್ದು ಆ ಎತ್ತರವನ್ನು ಮಾತ್ರ, ಅದೂ ಅದೇ ವೇಗದಲ್ಲಿ. ಅಂದರೆ ಅವನ ಪ್ರಕಾರ ಕಳೆದದ್ದು 4 ಮಾತ್ರೆ ಕಾಲ. ರಸ್ತೆ ಬದಿಯಲ್ಲಿ 5 ಕಳೆದಾಗ ಬಸ್ಸಿನಲ್ಲಿ 4!

ಗಡಿಯಾರ ಕೆಟ್ಟಿಲ್ಲ. ಬೆಳಕಿನ ವೇಗ ಎಲ್ಲರಿಗೂ ಒಂದೇ ಎಂದು ಒಪ್ಪಿದ ಮೇಲೆ ಕಾಲವೇ ಬಾಗಬೇಕಾಯಿತು. ಪರೀಕ್ಷೆಗೆಂದು ಕಲಿತ ಪ್ರಮೇಯವೇ ಪರೀಕ್ಷೆಯಾಚೆಗಿನ ಪ್ರಶ್ನೆಯ ಬಾಗಿಲು ತೆರೆಯಿತು ನೋಡಿ.

'ಇದೆಲ್ಲ ಕಾಗದದ ಮೇಲಿನ ಲೆಕ್ಕ, ನಿಜವೆಂದು ನಂಬುವುದು ಹೇಗೆ?' ಎಂದು ಕೇಳುವ ಮಕ್ಕಳೂ ಇದ್ದಾರೆ. ಅಂಥವರಿಗೆ ಒಂದು ಹೆಚ್ಚು ಅಂಕ ಕೊಡಬೇಕು. ಉತ್ತರ ನಮ್ಮ ಅಂಗೈ ಮೇಲೆಯೇ ಇದೆ. ಆಕಾಶದಿಂದ ಬರುವ ವಿಶ್ವಕಿರಣಗಳು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಅಣುಗಳಿಗೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯಸ್ಸು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 2.2 ಭಾಗ ಮಾತ್ರ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟು ಹೊತ್ತಿನಲ್ಲಿ ಸಾಗುವ ದೂರ 660 ಮೀಟರ್. ಈ ಲೆಕ್ಕದಂತೆ ಅವುಗಳಲ್ಲಿ ಒಂದೂ ನೆಲ ಮುಟ್ಟುವುದು ದುರ್ಲಭ. ಆದರೂ ಬಿಡಿಸಿದ ಅಂಗೈಯ ಮೂಲಕ ಸರಾಸರಿ ಸೆಕೆಂಡಿಗೆ ಒಂದರಂತೆ ಮ್ಯೂಯಾನ್‌ಗಳು ಹಾದುಹೋಗುತ್ತಲೇ ಇರುತ್ತವೆ. ಬೆಳಕಿನ ವೇಗದ ಸಮೀಪದಲ್ಲಿ ಓಡುವ ಅವುಗಳ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗಿ ನಡೆಯುವುದರಿಂದಲೇ ಅವು ಇಲ್ಲಿಯವರೆಗೆ ಬದುಕಿ ಬರುತ್ತವೆ.

ಈ ಮ್ಯೂಯಾನ್‌ಗಳಿಗೂ ಕರ್ನಾಟಕಕ್ಕೂ ಹಳೆಯ ನಂಟು. 1950ರ ದಶಕದ ಆರಂಭದಲ್ಲಿ ಬಿ.ವಿ. ಶ್ರೀಕಂಠನ್ ಎಂಬ ತರುಣ ಸಂಶೋಧಕ, ಹೋಮಿ ಭಾಭಾ ಅವರ ಶಿಷ್ಯ, ಕೋಲಾರದ ಚಿನ್ನದ ಗಣಿಯೊಳಗೆ ಇಳಿದು ನೆಲದಡಿ ಎಷ್ಟು ಆಳದವರೆಗೆ ಈ ಕಣಗಳು ಬರುತ್ತವೆಂದು ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಂಗಡಿಗರೊಂದಿಗೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ಗಣಿ 2001ರಲ್ಲಿ ಮುಚ್ಚಿತು. ಆದರೆ ಆಧುನಿಕ ಭೌತಶಾಸ್ತ್ರ ಎಲ್ಲೋ ಜರ್ಮನಿಯದ್ದು, ಅಮೆರಿಕದ್ದು ಎಂದುಕೊಳ್ಳುವ ಮಕ್ಕಳಿಗೆ ಅದು ಕೋಲಾರದ ನೆಲದಡಿಯೂ ನಡೆದಿತ್ತೆಂದು ತಿಳಿಸಬೇಕು.

ನ್ಯೂಟನ್ ತಪ್ಪೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ನಮ್ಮ ಬಸ್ಸು, ರೈಲು, ಕ್ರಿಕೆಟ್ ಚೆಂಡು, ಸೇತುವೆ ಇವುಗಳಿಗೆ ನ್ಯೂಟನ್ ಸಾಕು. ವೇಗ ಬಹಳ ಹೆಚ್ಚಿದಾಗ ಅಥವಾ ಅಳತೆ ಬಹಳ ಸೂಕ್ಷ್ಮವಾದಾಗ ಐನ್‌ಸ್ಟೈನ್ ಬೇಕು. ಮೊಬೈಲಿನಲ್ಲಿ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ವೇಗದಿಂದ ಅದು ಸುಮಾರು 7ರಷ್ಟು ಹಿಂದೆ ಬೀಳುತ್ತದೆ. ಎತ್ತರದಲ್ಲಿ ಗುರುತ್ವ ಕಡಿಮೆ ಇರುವುದರಿಂದ ಸುಮಾರು 45ರಷ್ಟು ಮುಂದೆ ಹೋಗುತ್ತದೆ. ಉಳಿಯುವ 38 ಮೈಕ್ರೋಸೆಕೆಂಡಿನಲ್ಲಿ ಬೆಳಕು ಸಾಗುವ ದೂರ 11 ಕಿಲೋಮೀಟರಿಗೂ ಹೆಚ್ಚು. ಐನ್‌ಸ್ಟೈನ್ ಲೆಕ್ಕದಂತೆ ಅದನ್ನು ತಿದ್ದದಿದ್ದರೆ ಜಿಪಿಎಸ್ ನಂಬಿ ಹೊರಟವರು ಬೇರೆ ಊರಿನಲ್ಲಿ ಇಳಿದಾರು.

ಪ್ರಶ್ನೆಯೇನೋ ಇದೆ, ಆದರೆ ಹಳ್ಳಿಯಲ್ಲಿ, ಸಣ್ಣ ಊರಿನಲ್ಲಿ ಕಲಿಸುವವರು ಯಾರು? ಇದು ತಂದೆತಾಯಿಯರ ನ್ಯಾಯವಾದ ಪ್ರಶ್ನೆ. ಇದಕ್ಕೆ ಕಲ್ಕತ್ತೆಯ ಇಬ್ಬರು ತರುಣರ ಕತೆ ಹೇಳಬೇಕು. ಒಬ್ಬ ಮೇಘನಾದ ಸಹಾ. ಢಾಕಾ ಸಮೀಪದ ಹಳ್ಳಿಯ ಸಣ್ಣ ಅಂಗಡಿಕಾರನ ಮಗ. ಇನ್ನೊಬ್ಬ ಸತ್ಯೇಂದ್ರನಾಥ ಬೋಸ್. 1915ರ ಎಂ.ಎಸ್ಸಿ.ಯಲ್ಲಿ ಬೋಸ್ ಮೊದಲನೆಯವನು, ಸಹಾ ಎರಡನೆಯವನು. ಮರುವರ್ಷ ಇಬ್ಬರೂ ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿನಲ್ಲಿ ಉಪನ್ಯಾಸಕರಾದರು. ಆಶುತೋಷ್ ಮುಖರ್ಜಿಯವರ ಇಚ್ಛೆಯಂತೆ ಹೊಸ ಭೌತಶಾಸ್ತ್ರ ಕಲಿಸುವ ಹೊಣೆ ಇವರ ಪಾಲಿಗೆ ಬಂತು. ಕ್ವಾಂಟಂ ಸಿದ್ಧಾಂತ ಸಹಾ ಪಾಲಿಗೆ, ಸಾಪೇಕ್ಷತೆ ಬೋಸ್ ಪಾಲಿಗೆ.

ಕಲಿಸುವುದಕ್ಕೆ ಮೊದಲು ಕಲಿಯಬೇಕಲ್ಲ! ಮಹಾಯುದ್ಧದ ಕಾಲ, ಯೂರೋಪಿನ ಪತ್ರಿಕೆಗಳು ಬರುತ್ತಿರಲಿಲ್ಲ. ಬೇಕಾದ ಪುಸ್ತಕಗಳು ಜರ್ಮನ್ ಭಾಷೆಯಲ್ಲಿದ್ದವು. ಇವರು ಜರ್ಮನ್ ಕಲಿತರು. ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಬ್ರೂಲ್ ಎಂಬ ಪ್ರಾಧ್ಯಾಪಕರಿಂದ ಪುಸ್ತಕ ಕಡ ತಂದು ಓದಿದರು. ಒಬ್ಬರಿಗೆ ತಿಳಿಯದ್ದನ್ನು ಇನ್ನೊಬ್ಬರು ಬಿಡಿಸಿದರು. 1920ರಲ್ಲಿ ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿ ಅವರ ಪ್ರಬಂಧಗಳ ಇಂಗ್ಲಿಷ್ ಅನುವಾದವನ್ನೇ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಹೊರತಂದರು. ಅದೇ ವರ್ಷ ಸಹಾ ನಕ್ಷತ್ರಗಳ ಬೆಳಕಿನ ರೋಹಿತದಿಂದ ಅವುಗಳ ಉಷ್ಣತೆ ತಿಳಿಯಲು ನೆರವಾಗುವ ಪ್ರಸಿದ್ಧ ಸಮೀಕರಣವನ್ನು ಪ್ರಕಟಿಸಿದರು.

ಬೋಸ್ 1921ರಲ್ಲಿ ಢಾಕಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಪ್ಲಾಂಕ್ ನಿಯಮವನ್ನು ಪಾಠ ಮಾಡಬೇಕಾಯಿತು. ಕಾದ ವಸ್ತುವಿನಿಂದ ಹೊಮ್ಮುವ ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿರುತ್ತದೆ ಎಂದು ಹೇಳುವ ನಿಯಮ ಅದು. 1900ರಲ್ಲಿ ಬಂದದ್ದು. ಸೂತ್ರ ಸರಿ, ಪ್ರಯೋಗಕ್ಕೆ ಹೊಂದುತ್ತದೆ. ಆದರೆ ಆ ಸೂತ್ರವನ್ನು ಪಡೆಯುವ ದಾರಿ ಬೋಸ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಅರ್ಧ ದಾರಿ ಹಳೆಯ ಅಲೆಯ ಲೆಕ್ಕ, ಇನ್ನರ್ಧ ಹೊಸ ಕಣದ ಲೆಕ್ಕ. ಇದೇನು ನ್ಯಾಯ ಎಂದು ಅವರು ಕೇಳಿಕೊಂಡರು. ಬೇರೆಯವರಾದರೆ ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದರು.

ಬೋಸ್ ಬೆಳಕನ್ನು ಕಣಗಳೆಂದೇ ಹಿಡಿದು, ಅವನ್ನು ಹೊಸ ರೀತಿಯಲ್ಲಿ ಎಣಿಸಿದರು. ಆ ಎಣಿಕೆ ಹೀಗೆ: ಗಂಡ ಹೆಂಡತಿಯ ಎರಡು ಜೇಬಿಗೆ, ಚೀಲಕ್ಕೆ ಎರಡು ನಾಣ್ಯ ಹಂಚಬೇಕು. ನಾಣ್ಯಗಳಿಗೆ ಒಂದೊಂದು ಗುರುತು ಇದ್ದರೆ ನಾಲ್ಕು ರೀತಿ: ಎರಡೂ ಗಂಡನಿಗೆ, ಎರಡೂ ಹೆಂಡತಿಗೆ, ಮೊದಲನೆಯದು ಗಂಡನಿಗೆ ಎರಡನೆಯದು ಹೆಂಡತಿಗೆ, ಇಲ್ಲವೇ ಅದಲು ಬದಲು. ಈಗ ನಾಣ್ಯದ ಬದಲು ಅವರ ಬ್ಯಾಂಕ್ ಖಾತೆಗಳಿಗೆ ಎರಡು ರೂಪಾಯಿ ಹಂಚಿ ನೋಡಿ. ಖಾತೆಯಲ್ಲಿರುವ ರೂಪಾಯಿಗೆ ಗುರುತೆಲ್ಲಿ? ಎರಡು-ಸೊನ್ನೆ, ಒಂದು-ಒಂದು, ಸೊನ್ನೆ-ಎರಡು, ಮೂರೇ ರೀತಿ. ಬೆಳಕಿನ ಕಣಗಳು ಬ್ಯಾಂಕಿನ ರೂಪಾಯಿಯಂತೆ. ಒಂದಕ್ಕೂ ಇನ್ನೊಂದಕ್ಕೂ ಗುರುತಿನ ವ್ಯತ್ಯಾಸವೇ ಇಲ್ಲ. ಹೀಗೆ ಎಣಿಸಿದಾಗ ಪ್ಲಾಂಕ್ ಸೂತ್ರ ಅಲೆಯ ಊರುಗೋಲಿಲ್ಲದೆ ಬಂದು ನಿಂತಿತು.

1924ರ ಜೂನ್ 4ರಂದು ಬೋಸ್ ಆ ಲೇಖನವನ್ನು ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ಈ ರೀತಿ ಎಣಿಕೆಗೆ ಒಳಪಡುವ ಕಣಗಳಿಗೆ ಇಂದು ಬೋಸಾನ್ ಎಂದೇ ಹೆಸರು. ಆ ಸಿದ್ಧಾಂತದ ಮುಂದುವರಿಕೆಯಾಗಿ ಐನ್‌ಸ್ಟೈನ್ ಊಹಿಸಿದ್ದ ದ್ರವ್ಯದ ವಿಚಿತ್ರ ಸ್ಥಿತಿಯನ್ನು 1995ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ರುಬಿಡಿಯಂ ಪರಮಾಣುಗಳಿಂದ ತಯಾರಿಸಲಾಯಿತು. ಬೋಸ್ ಅವರಿಗೆ ಪಿಎಚ್.ಡಿ. ಇರಲಿಲ್ಲ. ಇದ್ದದ್ದು ಗಣಿತ, ಗೆಳೆಯ, ಕಡ ತಂದ ಪುಸ್ತಕ, ಮತ್ತು 'ಈ ಸಾಲು ನನಗೆ ಒಪ್ಪಿಗೆಯಿಲ್ಲ' ಎನ್ನುವ ಛಲ.

ಹೊಸ ಭೌತಶಾಸ್ತ್ರ ಕಲಿಯುವ ದಾರಿಯೂ ಇದರಲ್ಲೇ ಇದೆ. ಮೊದಲನೆಯದಾಗಿ ಪ್ರಶ್ನೆಗಳಿಗೆಂದೇ ಒಂದು ನೋಟ್‌ಬುಕ್ ಇರಲಿ. ಪ್ರಶ್ನೆ, ದಿನಾಂಕ, ತನಗೆ ತಿಳಿದಿರುವುದೆಷ್ಟು, ಎಲ್ಲಿಂದಾಚೆ ತಿಳಿಯದು ಎಂದು ಬರೆಯಬೇಕು. 'ಏನೂ ಅರ್ಥವಾಗಲಿಲ್ಲ' ಎನ್ನುವವನಿಗೆ ಸಹಾಯ ಮಾಡುವುದು ಕಷ್ಟ. 'ಮೂರನೆಯ ಸಾಲಿನಿಂದ ನಾಲ್ಕನೆಯದು ಹೇಗೆ ಬಂತು?' ಎನ್ನುವವನಿಗೆ ಊರಿನ ಯಾವ ಮೇಷ್ಟರೂ ಸಹಾಯ ಮಾಡಬಲ್ಲರು.

ಎರಡನೆಯದಾಗಿ ಏಣಿಯ ಮೆಟ್ಟಿಲು ಹಾರಬಾರದು. ನ್ಯೂಟನ್ನನ ನಿಯಮ, ಅಲೆಗಳು, ವಿದ್ಯುತ್ತು, ಕಾಂತತ್ವ, ಆಮೇಲೆ ಸಾಪೇಕ್ಷತೆ, ಕ್ವಾಂಟಂ. ವಿಶೇಷ ಸಾಪೇಕ್ಷತೆಗೆ ಬೀಜಗಣಿತ, ರೇಖಾಗಣಿತ ಬಹುಮಟ್ಟಿಗೆ ಸಾಕು. ಕ್ವಾಂಟಂ ಸಿದ್ಧಾಂತಕ್ಕೆ ಕಲನಶಾಸ್ತ್ರ, ಸಂಕೀರ್ಣ ಸಂಖ್ಯೆ, ಸಂಭವನೀಯತೆ ಬೇಕು. ಪಿಯುಸಿ ಗಣಿತದಲ್ಲಿ ಇವುಗಳ ಬುನಾದಿ ಇದೆ. ಅದಿಲ್ಲದೆ ಹಲವು ಆಯಾಮಗಳ ಮಾತು ಆಡುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಇಂದು ಮೊಬೈಲಿನಲ್ಲಿ ವಿಡಿಯೋಗಳಿಗೆ ಲೆಕ್ಕವಿಲ್ಲ. ನೋಡಲಿ, ಅಡ್ಡಿಯಿಲ್ಲ. ಆದರೆ ನೋಡಿದ್ದನ್ನು ಪೆನ್ನು ಹಿಡಿದು ಒಂದು ಲೆಕ್ಕವಾಗಿ ಮಾಡಲು ಬಾರದಿದ್ದರೆ ಅದಿನ್ನೂ ಕತೆ, ವಿಜ್ಞಾನವಲ್ಲ.

ಮೂರನೆಯದಾಗಿ ಕಣ್ಣಾರೆ ಕಾಣಬೇಕು. ಮನೆಯಲ್ಲಿ ಬಿದ್ದಿರುವ ಹಳೆಯ ಸಿ.ಡಿ.ಯನ್ನು ಓರೆಯಾಗಿ ಹಿಡಿದು ಅದರಲ್ಲಿ ಸಿಎಫ್ಎಲ್ ದೀಪದ ಬೆಳಕು ನೋಡಿದರೆ ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹಳೆಯ ತಂತಿ ಬಲ್ಬಿನದಾದರೆ ಬಣ್ಣಗಳು ಒಂದರೊಳಗೊಂದು ಬೆರೆತು ಸಾಗುತ್ತವೆ. ಈ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತಾ ಹೋದರೆ ಪರಮಾಣುವಿನ ಮನೆಬಾಗಿಲು ಸಿಗುತ್ತದೆ. ಸೂರ್ಯನನ್ನು ಮಾತ್ರ ಹೀಗೆ ನೋಡಬಾರದು, ಕಣ್ಣಿಗೆ ಅಪಾಯ.

ಪುಸ್ತಕಗಳಿಗೂ ಕೊರತೆಯಿಲ್ಲ. ಕನ್ನಡದಲ್ಲಿ ಜಿ.ಟಿ. ನಾರಾಯಣರಾಯರ ಬರಹಗಳಿವೆ, 'ಬಾಲವಿಜ್ಞಾನ'ದ ಹಳೆಯ ಸಂಚಿಕೆಗಳಿವೆ. ಬೆಳಕಿನ ವೇಗ ಸೈಕಲ್ ವೇಗದಷ್ಟೇ ಆಗಿಬಿಟ್ಟರೆ ಏನಾದೀತು ಎಂದು ಬ್ಯಾಂಕ್ ಗುಮಾಸ್ತನೊಬ್ಬನ ಕನಸುಗಳ ಮೂಲಕ ಹೇಳುವ ಜಾರ್ಜ್ ಗ್ಯಾಮೋವ್ ಅವರ ಟಾಂಪ್ಕಿನ್ಸ್ ಕತೆಗಳಿವೆ. ಗಣಿತ ಬಲಿತವರಿಗೆ ಫೈನ್‌ಮನ್ ಉಪನ್ಯಾಸಗಳು ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಓದಿದ್ದನ್ನು ತಮ್ಮನಿಗೋ ತಂಗಿಗೋ ಮನೆಮಾತಿನಲ್ಲಿ ಹೇಳಿ ನೋಡಬೇಕು. ಹೇಳಲು ಬಂದರೆ ತಿಳಿದಿದೆ ಎಂದರ್ಥ. ಬೋಸ್ ಕೂಡ ವಿಜ್ಞಾನ ತಾಯ್ನುಡಿಯಲ್ಲಿ ಬರಬೇಕೆಂದು 1948ರಲ್ಲಿ ಬಂಗೀಯ ವಿಜ್ಞಾನ ಪರಿಷತ್ ಸ್ಥಾಪಿಸಿದರು.

ಇನ್ನು ತಂದೆತಾಯಿಯರಿಗೆ ಎರಡು ಮಾತು. ಇದರಿಂದ ಅಂಕ ಕಡಿಮೆಯಾಗುತ್ತದೆಂಬ ಭಯ ಬೇಡ. 3-4-5 ತ್ರಿಭುಜದಿಂದ ಕಾಲವನ್ನು ಅಳೆದ ಹುಡುಗಿ ಪೈಥಾಗೊರಸ್‌ನನ್ನು ಮರೆಯುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ಪರೀಕ್ಷೆಗೇ ಓದಲಿ. ಭಾನುವಾರದ ಒಂದು ಗಂಟೆ ಮಾತ್ರ ಆ ಕೊನೆಯ ಪುಟದ ಪ್ರಶ್ನೆಗಿರಲಿ. ಮಕ್ಕಳು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆಪಡಬೇಕಾಗಿಲ್ಲ. 'ನನಗೂ ಗೊತ್ತಿಲ್ಲ, ಬಾ ನೋಡೋಣ' ಎಂದರೆ ಸಾಕು. ಎಲ್ಲ ಮಕ್ಕಳೂ ವಿಜ್ಞಾನಿಗಳಾಗಬೇಕಿಲ್ಲ. ಡಾಕ್ಟರಾಗಲಿ, ಅಂಗಡಿ ನಡೆಸಲಿ, ಬಸ್ಸು ಓಡಿಸಲಿ; 'ಇದು ಹೇಗೆ ಗೊತ್ತಾಯಿತು?' ಎಂದು ಕೇಳುವ ಅಭ್ಯಾಸ ಎಲ್ಲಿದ್ದರೂ ಉಪಯೋಗಕ್ಕೆ ಬರುತ್ತದೆ.

ಈ ಭಾನುವಾರಕ್ಕೆ ಒಂದು ಲೆಕ್ಕ. ಬಸ್ಸು ಬೆಳಕಿನ ವೇಗದ ಹದಿಮೂರರಲ್ಲಿ ಹನ್ನೆರಡು ಭಾಗದಷ್ಟು ವೇಗದಲ್ಲಿ ಓಡುತ್ತಿದೆ. ರಸ್ತೆ ಬದಿಯ ಗಡಿಯಾರದಲ್ಲಿ 13 ಸೆಕೆಂಡ್ ಕಳೆದಾಗ ಬಸ್ಸಿನ ಗಡಿಯಾರದಲ್ಲಿ ಎಷ್ಟು ಕಳೆದಿರುತ್ತದೆ? ತ್ರಿಭುಜ ಬರೆದು ಕಂಡುಹಿಡಿಯಿರಿ. ಅಪ್ಪ ಅಮ್ಮನೂ ಪಕ್ಕದಲ್ಲಿ ಕೂರಬಹುದು.